ಎರಡು ಗಂಟೆಯ ಹಳ್ಳಿ

ನಾವು ಐವರು ಗೆಳೆಯರು ವಿಯೆಟ್ನಾಂನ ಸಾಪಾಗೆ ಹೋಗುವುದೆಂದು ತೀರ್ಮಾನಿಸಿ ನಾಲ್ಕು ತಿಂಗಳಾಯಿತು. ಎಂಜಿನಿಯರಿಂಗ್ ಓದುವವರ ಪ್ರವಾಸ ಎಂದ ಮೇಲೆ ಎಕ್ಸೆಲ್ ಶೀಟ್ ಇರಲೇಬೇಕು. ಬಸ್ಸು, ರೂಮು, ವೀಸಾ, ಊಟ ಎಲ್ಲಕ್ಕೂ ಒಂದೊಂದು ಕಾಲಂ. ಮೊನ್ನೆ ಅದರ ನಾಲ್ಕನೇ ದಿನದ ಸಾಲು ಕಣ್ಣಿಗೆ ಬಿತ್ತು. ‘ಬೆಳಿಗ್ಗೆ ಕೇಬಲ್ ಕಾರ್. ಮಧ್ಯಾಹ್ನ 2ರಿಂದ 4 ಟ್ರೈಬಲ್ ವಿಲೇಜ್. 4.30 ಶಾಪಿಂಗ್.’ ಆ ಸಾಲು ಬರೆದವನು ನಾನೇ.

ಓದುತ್ತಿದ್ದಂತೆ ಅಜ್ಜಿ ನೆನಪಾದರು. ಮೂಡಿಗೆರೆ ಕಡೆ ಇರುವ ನಮ್ಮಜ್ಜಿಯ ಮನೆ, ಚಾರಣಕ್ಕೆ ಹೋಗುವವರ ದಾರಿಯಲ್ಲೇ ಇದೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಅಜ್ಜಿ ಕಣದಲ್ಲಿ ಕಾಫಿ ಹರವುತ್ತಿದ್ದರು. ಕಾರು ನಿಲ್ಲಿಸಿದ ನಾಲ್ಕೈದು ಮಂದಿ ಸೀದಾ ಒಳಗೆ ಬಂದು ಫೋಟೊ ತೆಗೆಯತೊಡಗಿದರು. ಒಬ್ಬಳು ‘ಅಜ್ಜೀ, ಆ ಮೊರ ಹಿಡ್ಕೊಂಡು ಸ್ವಲ್ಪ ಈ ಕಡೆ ನೋಡಿ’ ಎಂದಳು. ಅಜ್ಜಿ ಹಾಗೇ ಮಾಡಿದರು. ಹತ್ತು ನಿಮಿಷದಲ್ಲಿ ಕಾರು ಹೊರಟುಹೋಯಿತು. ‘ಯಾರ ಮನೆಯವರೋ ಏನೋ, ಹೆಸರೂ ಹೇಳ್ಲಿಲ್ಲ, ಒಂದು ಲೋಟ ನೀರೂ ಕೇಳ್ಲಿಲ್ಲ’ ಎಂದು ಅಜ್ಜಿ ಸಂಜೆಯವರೆಗೂ ಹೇಳುತ್ತಲೇ ಇದ್ದರು. ಆವತ್ತು ನನಗೆ ವಿಪರೀತ ಸಿಟ್ಟು ಬಂದಿತ್ತು. ಈಗ ನೋಡಿದರೆ ಅದೇ ಕೆಲಸಕ್ಕೆ ನಾನು ಬೇರೆ ದೇಶದಲ್ಲಿ ಎರಡು ಗಂಟೆ ತೆಗೆದಿಟ್ಟಿದ್ದೆ.

ಸಾಪಾ ಇರುವುದು ವಿಯೆಟ್ನಾಂನ ಉತ್ತರದ ತುದಿಯಲ್ಲಿ, ಚೀನಾ ಗಡಿಯ ಹತ್ತಿರ. ಸುಮಾರು 1,500 ಮೀಟರ್ ಎತ್ತರದ ಊರು. ನಮ್ಮಲ್ಲಿ ಬ್ರಿಟಿಷರು ಊಟಿ ಮಾಡಿಕೊಂಡ ಹಾಗೆ, ಬಿಸಿಲು ತಾಳದ ಫ್ರೆಂಚರು ಅಲ್ಲಿ ಗಿರಿಧಾಮ ಮಾಡಿಕೊಂಡರು. ಹನೋಯಿಯಿಂದ ಬಸ್ಸಿನಲ್ಲಿ ಐದಾರು ಗಂಟೆ. ರೈಲಾದರೆ ರಾತ್ರಿ ಹತ್ತಿ ಲಾವ್ ಕಾಯ್‌ನಲ್ಲಿ ಇಳಿದು ಮತ್ತೆ 38 ಕಿ.ಮೀ. ಘಾಟಿ ಹತ್ತಬೇಕು. ಸರ್ಕಾರ ಗುರುತಿಸಿರುವ 54 ಜನಾಂಗಗಳ ಆ ದೇಶದಲ್ಲಿ ಬಹುಸಂಖ್ಯಾತರು ಕಿನ್ ಜನ. ಆದರೆ ಸಾಪಾ ಸುತ್ತಲಿನ ಕಣಿವೆಗಳಲ್ಲಿ ಹ್ಮಾಂಗ್, ಕೆಂಪು ಝಾವ್, ಝಾಯ್ ಜನರೇ ಹೆಚ್ಚು. ಪೋಸ್ಟರುಗಳಲ್ಲಿ ಕಾಣುವ ಮೆಟ್ಟಿಲು ಗದ್ದೆಗಳನ್ನು ಗುಡ್ಡ ಕಡಿದು ಮಾಡಿದವರು ಅವರ ಹಿರಿಯರು. ಚಳಿಯಿಂದಾಗಿ ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಅಷ್ಟರಲ್ಲೇ ವರ್ಷ ಕಳೆಯುವ ಮನೆಗೆ ಪ್ರವಾಸಿಗಳು ಕೊಡುವ ದುಡ್ಡು ಸಣ್ಣದಲ್ಲ.

‘ಮತ್ತೆ ನಾವು ದುಡ್ಡು ಕೊಡ್ತೀವಲ್ಲ, ಅವರಿಗೂ ಅದೇ ಬೇಕಲ್ವೇನೋ’ ಎಂದು ಗೆಳೆಯನೊಬ್ಬ ವಾದ ಹೂಡಿದ. ಮಾತು ಸರಿಯೇ. ಆದರೆ ನಮ್ಮ ಶೀಟಿನ ಕಾಲಂಗಳನ್ನು ಕೂಡಿಸಿದರೆ ಬೇರೆಯೇ ಲೆಕ್ಕ ಸಿಕ್ಕಿತು. 3,147 ಮೀಟರ್ ಎತ್ತರದ ಫಾನ್ಸಿಪಾನ್ ಶಿಖರಕ್ಕೆ 2016ರಿಂದ ಕೇಬಲ್ ಕಾರ್ ಇದೆ. ಎರಡು ದಿನದ ಚಾರಣ ಅದರಿಂದ ಕಾಲು ಗಂಟೆಗೆ ಇಳಿಯಿತು. ಟಿಕೆಟ್‌ಗೇ ತಲಾ ಸಾವಿರಾರು ರೂಪಾಯಿ. ಪೇಟೆಯ ಹೋಟೆಲಿಗೆ ಎರಡು ರಾತ್ರಿ, ಟೂರ್ ಏಜೆನ್ಸಿಗೆ ಒಂದು ಪಾಲು. ಹಳ್ಳಿಯಲ್ಲಿ ಬದುಕುವವರ ಕೈಗೆ ನೇರವಾಗಿ ಸೇರುವುದು ಒಂದು ಬಳೆಯ ಬೆಲೆ, ಅದೂ ಚೌಕಾಸಿ ಮಾಡಿ.

ಇನ್ನು ಮಕ್ಕಳ ವಿಷಯ. ಸಾಪಾದ ಬೀದಿಯಲ್ಲಿ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ದಾರದ ಬಳೆ ಮಾರುವ ಪುಟ್ಟ ಹುಡುಗಿಯರಿರುತ್ತಾರೆ. ಪಾಪ ಎಂದು ಕೊಳ್ಳಬೇಕೆನಿಸುತ್ತದೆ. ಕೊಂಡರೆ ನಾಳೆಯೂ ಅವಳು ಅಲ್ಲೇ ನಿಲ್ಲಬೇಕಾಗುತ್ತದೆ. ಬೀದಿಯಲ್ಲಿ ದುಡಿಮೆ ಆಗುವಾಗ ಬಡವರ ಮನೆಯಲ್ಲಿ ಶಾಲೆಯ ಮಾತು ಹಿಂದೆ ಬೀಳುತ್ತದೆ. ಅದೇ ಬಳೆಯನ್ನು ಅವಳ ಅಮ್ಮನ ಹತ್ತಿರ ಕೊಳ್ಳಬಹುದು. ನಾರುಬಟ್ಟೆಯನ್ನು ನೀಲಿಯಲ್ಲಿ ಅದ್ದಿ ಅದ್ದಿ ಆ ಹೆಂಗಸರ ಕೈ ಬೆರಳುಗಳೇ ನೀಲಿಯಾಗಿರುತ್ತವೆ. ಆ ಹಳ್ಳಿಗಳನ್ನು ಬರೀ ಚಂದದ ಚಿತ್ರ ಎಂದುಕೊಳ್ಳುವವರು ಹಾ ಲೆ ಜ್ಯೆಮ್ ನಿರ್ದೇಶಿಸಿದ ‘ಚಿಲ್ಡ್ರನ್ ಆಫ್ ದಿ ಮಿಸ್ಟ್’ ಸಾಕ್ಷ್ಯಚಿತ್ರ ನೋಡಬೇಕು. ಹುಡುಗಿಯನ್ನು ಎತ್ತಿಕೊಂಡು ಹೋಗಿ ಮದುವೆಯಾಗುವ ಪದ್ಧತಿಗೆ ಸಿಕ್ಕ, ಓದಬೇಕೆಂಬ ಹಟದ ಹ್ಮಾಂಗ್ ಹುಡುಗಿಯ ಕಥೆ ಅದು. ನನಗಂತೂ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಶೀಟ್ ತಿದ್ದಿದೆವು. ಹೋಟೆಲಿನ ಎರಡು ರಾತ್ರಿ ಕಿತ್ತುಹಾಕಿ ಮುವಾಂಗ್ ಹ್ವಾ ಕಣಿವೆಯ ತಾ ವಾನ್‌ನಲ್ಲಿ ಹಳ್ಳಿಯವರೇ ನಡೆಸುವ ಹೋಮ್‌ಸ್ಟೇ ಹಾಕಿದೆವು. ಪೇಟೆಯಿಂದ ಲಾವ್ ಚಾಯ್ ಮೇಲೆ ಅಲ್ಲಿಗೆ ಒಂದು ದಿನದ ನಡಿಗೆ. ದಾರಿ ತೋರಿಸಲು ಹ್ಮಾಂಗ್ ಮಹಿಳಾ ಗೈಡ್ ಬರುತ್ತಾರೆ. ಪ್ರವಾಸಿಗರ ಜೊತೆ ನಡೆದೂ ನಡೆದೂ ಇಂಗ್ಲಿಷ್ ಕಲಿತವರು ಅವರಲ್ಲಿ ಬಹಳ ಮಂದಿ. ಮೂರನೇ ಸೆಮಿಸ್ಟರಿನ ಪ್ರೆಸೆಂಟೇಷನ್‌ನಲ್ಲಿ ತೊದಲಿದ ನಾನು ಅವರೆದುರು ಬಾಯಿ ಬಿಡುವುದು ಹೇಗೋ! ಫೋಟೊ ತೆಗೆಯುವ ಮುಂಚೆ ಕೇಳಬೇಕು, ಬೇಡ ಎಂದರೆ ಮೊಬೈಲು ಜೇಬಿಗೆ. ಇದಕ್ಕೆ ಮಾತ್ರ ಯಾರೂ ತಕರಾರು ಮಾಡಲಿಲ್ಲ. ಕೇಬಲ್ ಕಾರ್ ಜಗಳ ಇನ್ನೂ ಮುಗಿದಿಲ್ಲ, ಇಬ್ಬರು ಬೇಕೇ ಬೇಕು ಎನ್ನುತ್ತಿದ್ದಾರೆ.

ತಿಂಗಳು ಯಾವುದು ಎಂಬುದೂ ತಲೆನೋವೇ. ಮೇ-ಜೂನ್‌ನಲ್ಲಿ ಗದ್ದೆಗೆ ನೀರು ತುಂಬಿಸುತ್ತಾರೆ, ಸೆಪ್ಟೆಂಬರ್‌ನಲ್ಲಿ ಪೈರು ಬಂಗಾರವಾಗುತ್ತದೆ. ನಮಗೆ ರಜೆ ಸಿಗುವ ಜುಲೈ-ಆಗಸ್ಟ್ ಸುರಿಯುವ ಮಳೆಗಾಲ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತದ ಮಳೆಗೆ ಅದೇ ಲಾವ್ ಕಾಯ್ ಪ್ರಾಂತ್ಯದ ಲಾಂಗ್ ನೂ ಹಳ್ಳಿಯ ಮೇಲೆ ಗುಡ್ಡ ಜಾರಿ ಹತ್ತಾರು ಜನ ಸತ್ತರು. 2018ರ ಕೊಡಗನ್ನು ನೋಡಿದ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೊನೆಗೆ ಮುಂದಿನ ವರ್ಷದ ಮೇ ತಿಂಗಳಿಗೆ ಕಾಯೋಣ ಎಂದು ಬರೆದಿದ್ದೇವೆ.

ಊರಿಗೆ ಹೋದಾಗ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಅರ್ಧ ಕೆ.ಜಿ. ಕಾಫಿಪುಡಿ ತಂದಿಟ್ಟು, ‘ಉಳ್ಕೊಳ್ಳೋ ಮನೆಯವರಿಗೆ ಕೊಡು’ ಎಂದರು. ಪ್ರವಾಸಕ್ಕೆ ಇನ್ನೂ ಎಷ್ಟು ತಿಂಗಳಿದೆ ಎಂದರೂ ಕೇಳಲಿಲ್ಲ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ, ಅಲ್ಲಿಗೆ ಯಾರಾದರೂ ಕಾಫಿ ಹೊತ್ತುಕೊಂಡು ಹೋಗ್ತಾರಾ ಎಂದು ನಕ್ಕೆ.

‘ಅದು ಅವರ ಕಾಫಿ. ಇದು ನಮ್ಮ ತೋಟದ್ದಲ್ವಾ’ ಎಂದರು ಅಜ್ಜಿ.