ಗಡಿಗೆ ಗೇಟು ಹಾಕಿದರೆ ಬೆಲೆ ಬಾರದು



2025ರ ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಒಂದು ಆದೇಶ ಹೊರಡಿಸಿತು. ಹೊರರಾಜ್ಯದ ತೋತಾಪುರಿ ಮಾವು ತಮ್ಮ ಜಿಲ್ಲೆಯೊಳಕ್ಕೆ ಬರಕೂಡದು ಅಂತ! ಕೋಲಾರ, ಶ್ರೀನಿವಾಸಪುರದ ಕಡೆಯ ಬೆಳೆಗಾರರು ನಂಬಿರೋದೇ ಆ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳನ್ನ. ಮಾವು ಕಣಜದಲ್ಲಿ ತುಂಬಿಟ್ಟು ಕಾಯೋ ರಾಗಿಯಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಚಂದ್ರಬಾಬು ನಾಯ್ಡು ಅವರಿಗೆ ಕಾಗದ ಬರೆದರು. ಕಾಗದಕ್ಕೆ ಉತ್ತರ ಬರುವ ತನಕ ಹಣ್ಣು ಕಾಯುತ್ತದೆಯೇ? ನೀವೇ ಹೇಳಿ.

ಇದಕ್ಕೆ ಕಾನೂನಿನ ಆಧಾರ ಎಲ್ಲಿದೆ? ಭಾರತದೊಳಗೆ ವ್ಯಾಪಾರ, ಸಾಗಾಟ ಮುಕ್ತ ಎನ್ನುತ್ತದೆ ಸಂವಿಧಾನದ 301ನೇ ವಿಧಿ. ರಾಜ್ಯಕ್ಕೆ ನಿರ್ಬಂಧ ಹಾಕುವ ಅಧಿಕಾರವೇ ಇಲ್ಲವೆಂದಲ್ಲ. 304ನೇ ವಿಧಿಯ ಪ್ರಕಾರ ಅದಕ್ಕೆ ಶಾಸನಸಭೆಯ ಕಾನೂನು ಬೇಕು, ಸಾರ್ವಜನಿಕ ಹಿತ ಬೇಕು, ಮಸೂದೆ ಮಂಡಿಸುವ ಮೊದಲೇ ರಾಷ್ಟ್ರಪತಿಗಳ ಒಪ್ಪಿಗೆ ಬೇಕು. ಅಸ್ಸಾಂ ಸರ್ಕಾರ ರಸ್ತೆ, ನದಿಗಳಲ್ಲಿ ಸಾಗುವ ಚಹಾಕ್ಕೆ ತೆರಿಗೆ ಹಾಕಿದ್ದನ್ನು ಈ ಒಪ್ಪಿಗೆ ಇಲ್ಲವೆಂದೇ ಸುಪ್ರೀಂ ಕೋರ್ಟು 1960ರಲ್ಲಿ ಹೊಡೆದುಹಾಕಿತು. 2016ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೆರಿಗೆಯ ಮಟ್ಟಿಗೆ ಈ ಬಿಗಿ ಸಡಿಲಿಸಿತು. ಆದರೆ ಒಳಗಿನ ಮಾಲಿಗೊಂದು, ಹೊರಗಿನ ಮಾಲಿಗೊಂದು ಅಂತ ಭೇದ ಮಾಡಕೂಡದು ಎಂಬ ಮಾತು ಹಾಗೇ ಉಳಿಯಿತು. ತೆರಿಗೆಯಲ್ಲೇ ಭೇದ ಸಲ್ಲದು ಅಂದಮೇಲೆ, ಬರೀ ಅಧಿಕಾರಿಯ ಆದೇಶದಿಂದ ಲಾರಿಯನ್ನೇ ತಡೆಯೋದು ಹೇಗೆ ಸಲ್ಲುತ್ತದೆ?

ಒಂದು ರಾಜ್ಯಕ್ಕಿಂತ ಇನ್ನೊಂದಕ್ಕೆ ಆದ್ಯತೆ ಕೊಡುವ ವಿನಾಯಿತಿ 303ನೇ ವಿಧಿಯಲ್ಲಿದೆ. ಅದೂ ಪಾರ್ಲಿಮೆಂಟಿಗೆ ಮಾತ್ರ, ಅದೂ ಪದಾರ್ಥದ ಅಭಾವ ಬಂದಾಗ. ಇಲ್ಲಿ ಆಗಿದ್ದು ಅಭಾವವಲ್ಲ, ಮಾಲು ಹೆಚ್ಚಾಗಿ ಬೆಲೆ ಬಿದ್ದದ್ದು.

ಚಿತ್ತೂರಿನ ರೈತ ನಮಗೆ ಶತ್ರುವಲ್ಲ. ಅಲ್ಲಿ ಕಿಲೋಗೆ 12 ರೂಪಾಯಿ ಗೊತ್ತುಮಾಡಿದ್ದರು: ಫ್ಯಾಕ್ಟರಿ 8, ಸರ್ಕಾರ 4. ಹೊರಗಿನ ಅಗ್ಗದ ಹಣ್ಣು ಬಂದರೆ ಆ ಬೆಲೆ ಮುರಿಯುತ್ತೆ ಅನ್ನೋದು ಅವರ ಭಯ. ಭಯ ನಿಜ, ಮದ್ದು ತಪ್ಪು. ಅಗ್ಗಕ್ಕೆ ಕೊಳ್ಳೋನು ಫ್ಯಾಕ್ಟರಿಯವನು, ಗೇಟು ಬಿದ್ದದ್ದು ರೈತನ ಮೇಲೆ. ಆಮೇಲೆ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಕ್ವಿಂಟಾಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಕೊಯ್ಲಿಗೆ ಮೊದಲೇ ಒಪ್ಪಿದ್ದರೆ ಎರಡೂ ಕಡೆಯವರು ಉಳೀತಿದ್ದರು.

ಒಂದು ಮಾತು ನೆನಪಿಡಿ. ನಾಳೆ ನಮ್ಮವರೇ ಯಾರಾದರೂ ಹೊರಗಿನ ಟೊಮೆಟೊ, ಈರುಳ್ಳಿ ತಡೀರಿ ಅಂದರೆ ತಲೆ ಆಡಿಸಬೇಡಿ. ಇಂದು ಅವರಿಗೆ ಹಾಕಿದ ಗೇಟು ನಾಳೆ ನಮಗೂ ಬೀಳುತ್ತೆ. ಸಂವಿಧಾನ ನಮಗೆ ದಾರಿ ಕೊಟ್ಟಿದೆ, ಬೆಲೆ ಕೊಟ್ಟಿಲ್ಲ. ಬೆಲೆಯನ್ನು ನಾವೇ ಸಂಘಟಿತರಾಗಿ ಪಡೀಬೇಕು. ಮುಂದಿನ ಕೊಯ್ಲಿಗೆ ಮುಂಚೆ ಕೋಲಾರದವರು, ಚಿತ್ತೂರಿನವರು ಒಟ್ಟಿಗೆ ಕೂತು ಫ್ಯಾಕ್ಟರಿಯವರನ್ನು ಒಂದೇ ದರ ಕೇಳೋಣ.