ಅಂಗಡಿಯ ಹಿಂದಿನ ಕೋಣೆ

ಒಂದು ಜನಾಂಗದ ಬಿಡುಗಡೆಯ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣು ಮೊದಲು ವೇದಿಕೆಯ ಮೇಲಿರುವ ವ್ಯಕ್ತಿಯನ್ನು ಅರಸುತ್ತದೆ. ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟವೆಂದೊಡನೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ನೆನಪಾಗುವುದು ಸಹಜ. ಆದರೆ ಆ ಹೋರಾಟದ ಬೇರನ್ನು ಕಾಣಬಯಸುವವರು ದಕ್ಷಿಣ ಕರೊಲಿನ ರಾಜ್ಯದ ಜಾನ್ಸ್ ದ್ವೀಪದಲ್ಲಿದ್ದ ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಆ ರಾಜ್ಯದಲ್ಲಿ ಆಸ್ತಿಯಿಲ್ಲದವರು ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯ ಸಂವಿಧಾನದ ಒಂದು ಭಾಗವನ್ನು ಅಧಿಕಾರಿಯ ಮುಂದೆ ಓದಿ ತೋರಿಸಬೇಕಾಗಿತ್ತು. ಓದಲು ತಕ್ಕ ಶಾಲೆಯನ್ನೇ ಕೊಡದೆ, ಓದು ಬಾರದೆಂದು ಮತವನ್ನು ನಿರಾಕರಿಸುವ ಏರ್ಪಾಡು ಅದು! ಈಸಾ ಜೆಂಕಿನ್ಸ್ ಎಂಬವರು ಚಾರ್ಲ್ಸ್‌ಟನ್ ನಗರಕ್ಕೆ ಕೆಲಸಕ್ಕೆ ಹೋಗುವವರಿಗೆ ತಮ್ಮ ಬಸ್ಸಿನಲ್ಲಿಯೇ ಆ ಪಾಠವನ್ನು ಹೇಳಿಕೊಡುತ್ತಿದ್ದರು. ಅಷ್ಟು ಸಾಲದಾಯಿತು.

ಅವರಿಗೆ ನೆರವಾದವರು ಸೆಪ್ಟಿಮಾ ಕ್ಲಾರ್ಕ್. ಸುಮಾರು 40 ವರ್ಷ ಉಪಾಧ್ಯಾಯಿನಿಯಾಗಿದ್ದ ಆಕೆ, ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಸಂಘದ ಸದಸ್ಯತ್ವವನ್ನು ಬಚ್ಚಿಡಲೊಪ್ಪದೆ 1956ರಲ್ಲಿ ಕೆಲಸವನ್ನೂ ನಿವೃತ್ತಿವೇತನವನ್ನೂ ಕಳೆದುಕೊಂಡರು. ಬಳಿಕ ಟೆನೆಸ್ಸಿಯ ಹೈಲ್ಯಾಂಡರ್ ಜನಪದ ಶಾಲೆಯನ್ನು ಸೇರಿದರು.

1957ರ ಜನವರಿಯಲ್ಲಿ ಆ ಕೋಣೆಯಲ್ಲಿ ವಯಸ್ಕರ ತರಗತಿ ಆರಂಭವಾಯಿತು. ಬಿಳಿಯರ ಕಣ್ಣಿಗೆ ಬೀಳದಿರಲೆಂದು ಮುಂದುಗಡೆ ದಿನಸಿ ವ್ಯಾಪಾರ, ಹಿಂದುಗಡೆ ಅಕ್ಷರಾಭ್ಯಾಸ. ಕಲಿಸಲು ಬಂದವರು ಬರ್ನೀಸ್ ರಾಬಿನ್ಸನ್. ಉಪಾಧ್ಯಾಯಿನಿಯಲ್ಲ, ಕೂದಲು ಸಿಂಗರಿಸುವ ಕಸುಬಿನವರು. ಈ ಆಯ್ಕೆಯ ಹಿಂದಿದ್ದ ವಿವೇಕವನ್ನು ಗಮನಿಸಿರಿ. ಅವರ ಗಿರಾಕಿಗಳು ಕಪ್ಪು ಮಹಿಳೆಯರು. ಆದ್ದರಿಂದ ಅವರನ್ನು ಕೆಲಸದಿಂದ ತೆಗೆಯಬಲ್ಲ ಬಿಳಿಯ ಯಜಮಾನನಿರಲಿಲ್ಲ. ಮೇಲಾಗಿ, ಇಡೀ ದಿನ ಹೊಲದಲ್ಲಿ ದುಡಿದು ಬಂದ ಮುದುಕನನ್ನು ಮಗುವಿನಂತೆ ಗದರಿಸುವ ಅಭ್ಯಾಸವೂ ಅವರಿಗಿರಲಿಲ್ಲ. ಏನನ್ನು ಕಲಿಯಬೇಕೆಂದು ಅವರು ಬಂದವರನ್ನೇ ಕೇಳಿದರು. ಒಬ್ಬರಿಗೆ ಬೈಬಲನ್ನು ಓದುವಾಸೆ, ಇನ್ನೊಬ್ಬರಿಗೆ ಮನಿಯಾರ್ಡರ್ ತುಂಬುವಾಸೆ. ಹೆಬ್ಬೆಟ್ಟು ಒತ್ತುತ್ತಿದ್ದವರಿಗೆ ತಮ್ಮ ಹೆಸರನ್ನು ಬರೆಯುವಾಸೆ. ಅದೇ ಪಠ್ಯಕ್ರಮವಾಯಿತು. ಸಂವಿಧಾನ ಆಮೇಲೆ ಬಂದಿತು. ಇಲ್ಲಿ ಕಲಿತವರು ಮತದಾರರಾದರು, ಇಂಥ ತರಗತಿಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು, ನೆರೆಹೊರೆಯವರೇ ಗುರುಗಳಾದರು.

ಮುಂದೆ ಕಿಂಗ್ ಅವರ ಸಂಸ್ಥೆಯೇ 1961ರಲ್ಲಿ ಈ ಕಾರ್ಯವನ್ನು ವಹಿಸಿಕೊಂಡಿತು. ಕ್ಲಾರ್ಕ್ ಅವರಿಗೊಂದು ಪತ್ರ ಬರೆದರು: ಎಲ್ಲ ಊರುಗಳ ಮೆರವಣಿಗೆಗೂ ತಾವೇ ಮುಂದಾಳಾಗದೆ ಆಯಾ ಊರಿನವರನ್ನೇ ಸಿದ್ಧಗೊಳಿಸಬೇಕೆಂಬುದು ಅದರ ತಾತ್ಪರ್ಯ. ಸಭೆಯಲ್ಲಿ ಪತ್ರವನ್ನು ಓದಿದಾಗ ನೆರೆದವರು ನಕ್ಕರೆಂದು ಆಕೆಯೇ ಹೇಳಿಕೊಂಡಿದ್ದಾರೆ. ಹೆಂಗಸಿನ ಸಲಹೆಯೆಂಬ ಉಪೇಕ್ಷೆಯೂ ಆ ನಗೆಯಲ್ಲಿ ಸೇರಿತ್ತೆಂದು ನಾನು ಬಗೆಯುತ್ತೇನೆ. ಕಿಂಗ್ ಅವರ ಹಿರಿಮೆಯನ್ನು ನಾನು ಕಿರಿದುಗೊಳಿಸುತ್ತಿಲ್ಲ. ಆದರೆ 1968ರಲ್ಲಿ ಅವರು ಗುಂಡಿಗೆ ಬಲಿಯಾದಾಗ ಆ ಸಲಹೆಯ ಬೆಲೆ ಎಷ್ಟೆಂಬುದು ತಿಳಿದಿರಬೇಕು.

ಕ್ಲಾರ್ಕ್ ಅವರ ನಿವೃತ್ತಿವೇತನವನ್ನು ರಾಜ್ಯವು ಮರಳಿ ಕೊಟ್ಟದ್ದು 1976ರಲ್ಲಿ. ಆಗ ಅವರಿಗೆ 78 ವರ್ಷ.