ಚೈನ್ ಕವರ್ ಕಿತ್ತವರು ಯಾರು?

ದಿಲ್ಲಿಯಲ್ಲಿ ಬೈಕ್ ಓಡಿಸುವ ನಮ್ಮ ಹುಡುಗರಿಗೆ ಬುದ್ಧಿ ಹೇಳುವವರಿಗೇನೂ ಕೊರತೆಯಿಲ್ಲ. ಅದರಲ್ಲಿ ಒಂದು ಮಾತಂತೂ ಮಂತ್ರದ ಹಾಗೆ ಆಗಿಬಿಟ್ಟಿದೆ: "ಐನೂರು ಕಿಲೋಮೀಟರಿಗೊಮ್ಮೆ ಚೈನ್ ಕ್ಲೀನ್ ಮಾಡಿ ಲ್ಯೂಬ್ ಹಾಕಬೇಕು. ಅಷ್ಟೂ ಮಾಡದವನು ಬೈಕ್ ಯಾಕೆ ಇಟ್ಟುಕೊಳ್ಳಬೇಕು?" ಭಾನುವಾರ ಬೆಳಗ್ಗೆ ಜಾಕೆಟ್ ಏರಿಸಿಕೊಂಡು ಮುರ್ಥಲ್‌ಗೆ ಪರಾಠಾ ತಿನ್ನಲು ಹೋಗುವವರ ಬಾಯಲ್ಲಿ ಇದು ಹೆಚ್ಚು. ಮಾತು ಸುಳ್ಳಲ್ಲ. ಆದರೆ ಯಾರು ಮಾಡಿದ ತಪ್ಪಿಗೆ ಯಾರನ್ನು ಬೈಯುತ್ತಿದ್ದೇವೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇದು.

ನನ್ನ ತಕರಾರು ನೇರವಾಗಿ ಹೇಳುತ್ತೇನೆ. ಧೂಳಿನ ದೇಶದಲ್ಲಿ ದಿನಾ ಓಡುವ ಬೈಕಿನ ಚೈನನ್ನು ಬೆತ್ತಲೆ ಬಿಟ್ಟದ್ದು ಕಂಪನಿಗಳ ನಿರ್ಧಾರ. ಅದರ ಖರ್ಚು, ಕೊಳೆ, ಅಪಾಯ ಮಾತ್ರ ಸವಾರನ ಪಾಲಿಗೆ.

ಮೊದಲು ಆ ಚೈನಿನೊಳಗೆ ಏನು ನಡೆಯುತ್ತದೆ ನೋಡಿ. ಒಂದು ಪಿನ್ನು, ಅದರ ಮೇಲೆ ಬುಶ್, ಬುಶ್ಶಿನ ಮೇಲೆ ತಿರುಗುವ ರೋಲರ್. 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ಇದಕ್ಕೆ ಪೇಟೆಂಟ್ ಪಡೆದ ಮೇಲೆ ಮೂಲ ರಚನೆ ಹೆಚ್ಚೇನೂ ಬದಲಾಗಿಲ್ಲ. ಪಿನ್ನಿಗೂ ಬುಶ್ಶಿಗೂ ನಡುವೆ ಪ್ರತಿ ಕೊಂಡಿಯಲ್ಲಿ ಕೂದಲೆಳೆಯಷ್ಟು ಸವೆದರೂ ಸಾಕು, ನೂರಕ್ಕೂ ಹೆಚ್ಚು ಕೊಂಡಿಗಳ ಸವಕಳಿ ಸೇರಿ ಚೈನ್ ಉದ್ದವಾಗುತ್ತದೆ. "ಚೈನ್ ಎಳೆದುಕೊಂಡಿದೆ" ಅನ್ನುತ್ತೇವೆ. ಉಕ್ಕು ಎಳೆದುಕೊಂಡಿರುವುದಿಲ್ಲ, ಕೀಲು ಸವೆದಿರುತ್ತದೆ. ಉದ್ದವಾದ ಚೈನ್ ಸ್ಪ್ರಾಕೆಟ್ಟಿನ ಹಲ್ಲನ್ನು ತಿನ್ನುತ್ತದೆ, ಕೊನೆಗೆ ಹಲ್ಲು ಬಿಟ್ಟು ಹಾರುತ್ತದೆ, ಇಲ್ಲವೇ ತುಂಡಾಗುತ್ತದೆ. ತುಂಡಾದದ್ದು ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಔಟರ್ ರಿಂಗ್ ರೋಡಿನಲ್ಲಿ, ಹಿಂದೆ ಬಸ್ ಇರುವಾಗ, ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಶೃಂಗೇರಿ, ತೀರ್ಥಹಳ್ಳಿ ಕಡೆಯವರಿಗೆ ಚೈನಿನ ಶತ್ರು ಎಂದರೆ ಮಳೆ. ಎಣ್ಣೆ ತೊಳೆದುಹೋಗುತ್ತದೆ, ತುಕ್ಕು ಹಿಡಿಯುತ್ತದೆ, ಹಾಗಾಗಿ ಧಾರಾಳವಾಗಿ ಎಣ್ಣೆ ಹೊಯ್ಯುವುದು ಅಲ್ಲಿನ ರೂಢಿ. ಜನಕಪುರಿಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಇದೆ, ಅದರದೇ ಒಂದು ಕ್ಯಾಂಪಸ್ ಶೃಂಗೇರಿಯಲ್ಲಿದೆ. ಓದು, ಕೆಲಸ ಅಂತ ಅಲ್ಲಿಂದ ಇಲ್ಲಿಗೆ ಬಂದವರು ಆ ರೂಢಿಯನ್ನೂ ಜೊತೆಗೆ ತಂದರೆ ಎರಡೇ ವಾರದಲ್ಲಿ ಚೈನ್ ಕಪ್ಪು ಹಿಟ್ಟು ಮೆತ್ತಿದ ಹಗ್ಗವಾಗುತ್ತದೆ. ಇಲ್ಲಿ ಮೇ-ಜೂನ್ ಬಂತೆಂದರೆ ಲೂ ಗಾಳಿ, ರಾಜಸ್ಥಾನದ ಕಡೆಯಿಂದ ಏಳುವ ಆಂಧಿ. ಉಳಿದ ತಿಂಗಳು ರಸ್ತೆ ಅಗೆತ. ಜನಕಪುರಿ ವೆಸ್ಟ್‌ನಿಂದ ಕೃಷ್ಣಾ ಪಾರ್ಕ್ ಎಕ್ಸ್‌ಟೆನ್ಷನ್ ತನಕದ ಮೆಟ್ರೋ 2025ರ ಜನವರಿಯಲ್ಲಿ ಶುರುವಾಯಿತು. ಅಲ್ಲಿಯವರೆಗೆ ಆ ಕಾಮಗಾರಿಯ ಧೂಳು ಕುಡಿದದ್ದು ನಮ್ಮ ಶ್ವಾಸಕೋಶ ಮಾತ್ರವಲ್ಲ. ಅಂಟು ಎಣ್ಣೆಗೆ ಮರಳು ಸೇರಿದರೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ಸಾಣೆ ಹಿಡಿಯುವ ಲೇಪವಾಗುತ್ತದೆ.

ಇದಕ್ಕೆ ಪರಿಹಾರ ಯಾರಿಗೂ ಗೊತ್ತಿರಲಿಲ್ಲವೇ? ಮೈಸೂರಿನವರನ್ನು ಕೇಳಿ. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಶುರುವಾದಾಗ ಅಲ್ಲಿಂದ ಹೊರಬಿದ್ದ ಜಾವಾಗೆ ಚೈನಿನ ಸುತ್ತ ಪೂರ್ತಿ ಮುಚ್ಚಿದ ಕವಚ ಇತ್ತು. ಮುಂದೆ ಯೆಜ್ಡಿಗೂ ಅದೇ ಬಂತು. ಹಳ್ಳಿ ಮೇಷ್ಟ್ರು, ಕಾಫಿ ತೋಟದ ರೈಟರ್ ಬಿಳಿ ಪಂಚೆ ಉಟ್ಟು ಆ ಗಾಡಿ ಹತ್ತಬಹುದಿತ್ತು. 1985ರ ಸಿಡಿ 100, 1994ರ ಸ್ಪ್ಲೆಂಡರ್ ಕೂಡ ಮುಚ್ಚಿದ ಚೈನಿನವೇ. ಕವಚದಲ್ಲಿ ಒಂದು ರಬ್ಬರ್ ಬಿರಡೆ, ಅದನ್ನು ತೆಗೆದು ಬೆರಳು ಹಾಕಿ ಚೈನ್ ಸಡಿಲವಾಗಿದೆಯೇ ನೋಡಬಹುದು. ಜಪಾನಿನಲ್ಲಿ 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್ ಇನ್ನೂ ಹಳೆಯದು. ಸೋಬಾ ಅಂಗಡಿಯ ಹುಡುಗ ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವಂತಿರಬೇಕು ಎಂದು ಯೋಚಿಸಿ ಮಾಡಿದ ಗಾಡಿ. ಅದರ ಚೈನೂ ಮುಚ್ಚಿಯೇ ಇತ್ತು. ಊಟ ತಲುಪಿಸುವವನ ಕಷ್ಟ ಆಗ ಒಬ್ಬರಿಗೆ ಅರ್ಥವಾಗಿತ್ತು. ಇವತ್ತು ಸಾಗರ್‌ಪುರ, ಉತ್ತಮ್ ನಗರದಲ್ಲಿ ರೂಮು ಮಾಡಿಕೊಂಡು ಜನಕಪುರಿಯ ಬ್ಲಾಕು ಬ್ಲಾಕಿಗೂ ನಮ್ಮ ಬಿರಿಯಾನಿ ಹೊರುವ ಹುಡುಗರ ಕಷ್ಟ ಯಾರಿಗೆ ಅರ್ಥವಾಗಿದೆ?

ಆಮೇಲೆ ಬಂತು 'ಸ್ಪೋರ್ಟಿ ಲುಕ್'. ಹಿಂದಿನ ಟೈರು ದಪ್ಪವಾಯಿತು, ಚೈನ್ ಕವರ್ ಮೇಲೊಂದು ಪ್ಲಾಸ್ಟಿಕ್ ಪಟ್ಟಿಯಾಯಿತು. ಅದಾದ ಮೇಲೆ ಎಷ್ಟೋ ಮಾಡೆಲ್‌ಗಳಲ್ಲಿ ಸೆಂಟರ್ ಸ್ಟ್ಯಾಂಡೂ ಮಾಯ. ನನ್ನ ಸಿಟ್ಟು ನೆತ್ತಿಗೇರುವುದು ಇಲ್ಲೇ. ಚೈನನ್ನು ಧೂಳಿಗೆ ಒಡ್ಡಿದವರೂ ಅವರೇ, ಚಕ್ರ ಎತ್ತಿ ತಿರುಗಿಸುವ ಸ್ಟ್ಯಾಂಡ್ ಕಿತ್ತವರೂ ಅವರೇ. ಕೊನೆಗೆ ಮ್ಯಾನುವಲ್‌ನಲ್ಲಿ "ಚಕ್ರ ತಿರುಗಿಸುತ್ತ ಚೈನ್ ಶುಚಿಗೊಳಿಸಿ" ಎಂದು ಉಪದೇಶ ಬರೆಯುವವರೂ ಅವರೇ! ಪ್ಯಾಡಕ್ ಸ್ಟ್ಯಾಂಡ್ ಬೇರೆ ಕೊಳ್ಳಿ, ಬ್ರಶ್ ಬೇರೆ, ಕ್ಲೀನರ್ ಡಬ್ಬಿ ಬೇರೆ, ಲ್ಯೂಬ್ ಡಬ್ಬಿ ಬೇರೆ. ಮೂರನೇ ಮಹಡಿಯ ಬರ್ಸಾತಿಯಲ್ಲೋ ಪಿಜಿಯಲ್ಲೋ ಇರುವವನು ಅವನ್ನೆಲ್ಲ ಎಲ್ಲಿಡುತ್ತಾನೆ? ಗಲ್ಲಿಯ ಎರಡೂ ಬದಿ ಕಾರು ನಿಂತಿರುವಾಗ ಎಲ್ಲಿ ಕೂರುತ್ತಾನೆ?

ನಮ್ಮ ಎತ್ತಿನಗಾಡಿಗಳ ಕೆಳಗೆ ಕೀಲೆಣ್ಣೆಯ ಗೊಟ್ಟ ನೇತಾಡುತ್ತಿತ್ತು. ಅಚ್ಚಿಗೆ ಎಣ್ಣೆ ಬೇಕು ಎಂದು ಗೊತ್ತಿದ್ದವರು ಎಣ್ಣೆಗೂ ಗಾಡಿಯಲ್ಲೇ ಜಾಗ ಮಾಡಿದ್ದರು. ಈಗಿನ ಲಕ್ಷಾಂತರ ರೂಪಾಯಿಯ ಬೈಕಿನ ಸೀಟಿನಡಿ ಲ್ಯೂಬ್ ಡಬ್ಬಿಗೆ ಜಾಗವಿಲ್ಲ.

ಇದಕ್ಕೆ ಸಿದ್ಧ ಉತ್ತರಗಳಿವೆ. ಒಂದು, "ಈಗಿನದು ಓ-ರಿಂಗ್ ಚೈನ್, ಗ್ರೀಸ್ ಒಳಗೇ ಸೀಲ್ ಆಗಿದೆ." ಸೀಲ್ ಆಗಿರುವುದು ಪಿನ್ನು-ಬುಶ್ಶಿನ ನಡುವಿನ ಗ್ರೀಸ್. ಹೊರಗಿನ ರೋಲರ್, ಸ್ಪ್ರಾಕೆಟ್ ಹಲ್ಲು, ಆ ರಬ್ಬರ್ ರಿಂಗೂ ಒಣಗಿಯೇ ಒಣಗುತ್ತವೆ. ಪೆಟ್ರೋಲ್ ಹಾಕಿ ಉಜ್ಜಿದರೆ, ಪ್ರೆಶರ್ ವಾಷ್‌ನವನು ನೀರಿನ ಪೈಪು ನೇರ ಚೈನಿಗೇ ಹಿಡಿದರೆ ಆ ಸೀಲೂ ಹಾಳು. ಇನ್ನೊಂದು ಉತ್ತರ ತೂಕದ್ದು. ಕವಚಕ್ಕೆ ಭಾರ ಹೆಚ್ಚಂತೆ. ಜನಕಪುರಿ ಡಿಸ್ಟ್ರಿಕ್ಟ್ ಸೆಂಟರ್ ಸಿಗ್ನಲ್ಲಿನಲ್ಲಿ ನಿಂತವನಿಗೆ ಯಾವ ರೇಸಿನ ಗ್ರಾಂ ಲೆಕ್ಕ? ಕವಚದ ಒಳಗಿನ ಚೈನ್ ಕಣ್ಣಿಗೆ ಬೀಳುವುದಿಲ್ಲ, ಜನ ಮರೆಯುತ್ತಾರೆ ಎಂಬುದು ಮಾತ್ರ ಒಪ್ಪತಕ್ಕ ಮಾತು. ಕವಚವಿದ್ದರೂ ಎಣ್ಣೆ ಬೇಕು. ಆದರೆ ಅಲ್ಲಿ ಮರೆವಿಗೆ ಇಷ್ಟು ಬೇಗ, ಇಷ್ಟು ದುಬಾರಿ ಶಿಕ್ಷೆ ಇಲ್ಲ.

ಐನೂರರ ಲೆಕ್ಕವನ್ನೇ ಹಿಡಿಯೋಣ. ಜನಕಪುರಿಯಿಂದ ಗುರುಗ್ರಾಮದ ಆಫೀಸಿಗೆ ಹೋಗಿಬರಲು ದಿನಕ್ಕೆ 50 ಕಿ.ಮೀ. ಎಂದಿಟ್ಟುಕೊಳ್ಳಿ, ಎರಡು ವಾರಕ್ಕೊಮ್ಮೆ ಚೈನ್ ಮುಂದೆ ಕೂತರಾಯಿತು. ದಿನಕ್ಕೆ 100 ಕಿ.ಮೀ. ಸುತ್ತುವ ಡೆಲಿವರಿ ಹುಡುಗನಿಗೆ ಐದು ದಿನಕ್ಕೊಮ್ಮೆ. ಅವನಿಗೆ ರಜೆಯ ದಿನವೆಂದರೆ ಸಂಪಾದನೆಯಿಲ್ಲದ ದಿನ. ಹಾಗಾಗಿ ಅವನು ರಸ್ತೆಬದಿಯ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿ "ಭೈಯ್ಯಾ, ಥೋಡಾ ಕಾಲಾ ತೇಲ್ ಡಾಲ್ ದೋ" ಅನ್ನುತ್ತಾನೆ. ಕಾಲಾ ತೇಲ್ ಎಂದರೆ ಇನ್ನೊಂದು ಗಾಡಿಯಿಂದ ಇಳಿಸಿದ ಸುಟ್ಟ ಎಂಜಿನ್ ಆಯಿಲ್. ಅದರಲ್ಲಿ ಮಸಿ, ಲೋಹದ ಪುಡಿ ತೇಲುತ್ತಿರುತ್ತವೆ. ತೆಳ್ಳಗಿದ್ದು ಟೈರಿಗೆ ಸಿಡಿಯುತ್ತದೆ. ಸರಕಾರದ 2016ರ ನಿಯಮಗಳು ಈ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಸೇರಿಸಿವೆ. ಅಂಗಡಿಯ ಚಿಕ್ಕ ಹುಡುಗ ಬರಿಗೈಯಲ್ಲಿ ಅದನ್ನು ಹಚ್ಚುತ್ತಾನೆ. ಪುಕ್ಕಟೆ ಸಿಗುತ್ತದೆ ಎಂಬುದಷ್ಟೇ ಅದರ ಗುಣ.

ಕಾನೂನಿನಿಂದ ಇದು ಆಗದ ಕೆಲಸವೂ ಅಲ್ಲ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಿರಲಿ ಎಂದು ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗಕ್ಕೆ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಅನ್ನುವುದು ಅದಕ್ಕೇ. ನಮ್ಮಲ್ಲಿ ಹೆಂಗಸರು ಒಂದು ಬದಿಗೆ ಕೂತರೆ ಕಾಲು ಎಡಕ್ಕೆ. ಹೆಚ್ಚಿನ ಬೈಕುಗಳ ಚೈನೂ ಎಡಕ್ಕೇ. ಚಕ್ರಕ್ಕೆ ಸಿಕ್ಕದ ದುಪಟ್ಟಾ ಚೈನಿಗೆ ಸಿಕ್ಕಬಹುದು ಎಂಬುದು ನಿಯಮ ಬರೆಯುವವರಿಗೆ ಹೊಳೆಯದ ವಿಷಯವೇ?

ಕವಚ ಬರುವವರೆಗೆ ಮಾಡಬೇಕಾದ್ದನ್ನು ಮಾಡಲೇಬೇಕು, ಆದರೆ ದಿಲ್ಲಿಯ ರೀತಿಯಲ್ಲಿ. ಇಲ್ಲಿ ಎಣ್ಣೆ ಕಡಿಮೆ, ಒರೆಸುವುದು ಹೆಚ್ಚು. ಹಳೇ ಬನಿಯನ್ ಬಟ್ಟೆ ಸಾಕು. ಎಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ. ಎಂಜಿನ್ ಓಡಿಸಿಕೊಂಡು ಚೈನ್ ಒರೆಸಿದರೆ ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಸ್ಟ್ಯಾಂಡ್ ಇಲ್ಲವೆಂದರೆ ಒಂದು ಗೇಣು ಒರೆಸಿ, ಬೈಕನ್ನು ಅಷ್ಟು ಮುಂದೆ ತಳ್ಳಿ, ಮತ್ತೆ ಒರೆಸಿ. ಸಂಜೆ ಮನೆಗೆ ಬಂದಾಗ ಚೈನ್ ಬೆಚ್ಚಗಿರುತ್ತದೆ, ಆಗ ಕೆಳಗಿನ ಸಾಲಿನ ಒಳಮೈಗೆ 90 ಗ್ರೇಡಿನ ಗೇರ್ ಆಯಿಲನ್ನೋ ಸ್ಪ್ರೇಯನ್ನೋ ತೆಳ್ಳಗೆ ಕೊಟ್ಟು, ಹೆಚ್ಚಾದದ್ದನ್ನು ಒರೆಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಹಚ್ಚಿಕೊಂಡು ಹೊರಟರೆ ಅರ್ಧ ಟೈರಿನ ಮೇಲಿರುತ್ತದೆ.

ಮುಂದಿನ ಸಲ ನೀವೋ ನಿಮ್ಮ ತಮ್ಮನೋ ಬೈಕ್ ನೋಡಲು ಶೋರೂಮಿಗೆ ಹೋದಾಗ ಮೈಲೇಜು, ಬ್ಲೂಟೂತು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ: ಇದಕ್ಕೆ ಪೂರ್ತಿ ಚೈನ್ ಕವರ್ ಕೊಡುತ್ತೀರಾ? ಸೆಂಟರ್ ಸ್ಟ್ಯಾಂಡ್ ಎಲ್ಲಿ? ಅಲ್ಲಿನ ಸೇಲ್ಸ್ ಹುಡುಗನಿಗೆ ಉತ್ತರ ಗೊತ್ತಿರುವುದಿಲ್ಲ, ಅವನನ್ನು ಬೈಯಬೇಡಿ. ಟೆಸ್ಟ್ ರೈಡ್ ಮುಗಿದ ಮೇಲೆ ಅವನು ಕೊಡುವ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇದೇ ಎರಡು ಸಾಲು ಬರೆದು ಬನ್ನಿ.